ಬೆಳಕಿಗಾಗಿ ಕಾಯುವ ಕಣ

ಜರ್ಮನಿಯ ಫ್ರೀಡ್ರಿಶ್ ಮೇಯರ್-ಬೆಟ್ಜ್ 1913ರಲ್ಲಿ ಪ್ರಕಟಿಸಿದ ವರದಿಯಲ್ಲಿ ವೈದ್ಯರೂ ಅವರೇ, ರೋಗಿಯೂ ಅವರೇ. ರಕ್ತದಿಂದ ಪಡೆದ ಹೆಮಟೋಪಾರ್ಫಿರಿನ್ ಎಂಬ ವರ್ಣದ್ರವ್ಯವನ್ನು 200 ಮಿಲಿಗ್ರಾಂನಷ್ಟು ತಮಗೆ ತಾವೇ ಚುಚ್ಚಿಕೊಂಡ ಅವರು ಬಿಸಿಲಿಗೆ ಬಂದಾಗ ಮುಖ, ಕೈಗಳು ವಿಪರೀತ ಊದಿಕೊಂಡವು. ಬಿಸಿಲಿನ ಈ ಕಾಟ ಎರಡು ತಿಂಗಳಿಗೂ ಮಿಕ್ಕಿ ಅವರನ್ನು ಬಿಡಲಿಲ್ಲ. ಕತ್ತಲಲ್ಲಿ ನಿರುಪದ್ರವಿಯಾದ ವಸ್ತುವೊಂದು ಬೆಳಕು ಬಿದ್ದೊಡನೆ ವಿಷವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷ್ಯ ಬೇಕಿರಲಿಲ್ಲ.

ಈ ಗುಣವನ್ನೇ ಕ್ಯಾನ್ಸರಿನ ಮೇಲೆ ತಿರುಗಿಸುವುದು ದ್ಯುತಿಚಾಲಿತ ಚಿಕಿತ್ಸೆ, ಅಂದರೆ ಫೋಟೋಡೈನಾಮಿಕ್ ಥೆರಪಿ. ಅಮೆರಿಕದ ಬಫಲೋ ನಗರದಲ್ಲಿ ಥಾಮಸ್ ಡೌಹರ್ಟಿ 1970ರ ದಶಕದಲ್ಲಿ ಇದನ್ನು ರೋಗಿಗಳ ಹಾಸಿಗೆಯವರೆಗೆ ತಂದರು. ವರ್ಣದ್ರವ್ಯದ ಅಣು ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಕೆರಳಿದ ಸಿಂಗ್ಲೆಟ್ ಆಮ್ಲಜನಕ ಎದುರಿಗೆ ಸಿಕ್ಕ ಕೊಬ್ಬನ್ನೂ ಪ್ರೋಟೀನನ್ನೂ ಸುಡುತ್ತದೆ. ಜೀವಕೋಶದೊಳಗೆ ಅದರ ಆಯುಷ್ಯ ಮೈಕ್ರೋಸೆಕೆಂಡುಗಳಷ್ಟೇ ಆದ್ದರಿಂದ, ಒಂದು ಕೋಶದ ಅಗಲವನ್ನು ದಾಟುವುದಕ್ಕೂ ಅದಕ್ಕೆ ಪುರಸೊತ್ತಿಲ್ಲ.

ಬೆಳಕನ್ನು ಬೇಕಾದಲ್ಲಿಗೆ ಒಯ್ಯುವುದು ಕಷ್ಟವಲ್ಲ. ಅನ್ನನಾಳದೊಳಕ್ಕೂ ಎಂಡೋಸ್ಕೋಪ್ ಮೂಲಕ ಗಾಜಿನ ಎಳೆಯನ್ನು ಇಳಿಸಬಹುದು. ಮಾತು ಕೇಳದ್ದು ಔಷಧ. ಅಮೆರಿಕದಲ್ಲಿ 1995ರಲ್ಲಿ ಅನುಮತಿ ಪಡೆದ ಫೋಟೋಫ್ರಿನ್ನನ್ನೇ ನೋಡಬಹುದು. ಚುಚ್ಚುಮದ್ದು ಕೊಟ್ಟು 40ರಿಂದ 50 ಗಂಟೆಗಳ ಬಳಿಕ ಗಡ್ಡೆಯ ಮೇಲೆ 630 ನ್ಯಾನೊಮೀಟರ್‌ನ ಕೆಂಪು ಬೆಳಕು ಹಾಯಿಸುತ್ತಾರೆ. ಆದರೆ ಔಷಧ ಚರ್ಮದಲ್ಲೂ ಉಳಿದಿರುವುದರಿಂದ ರೋಗಿ ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಸನ್‌ಸ್ಕ್ರೀನ್ ಲೇಪದಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಅದು ತಡೆಯುವುದು ಅತಿನೇರಳೆ ಕಿರಣಗಳನ್ನು. ಇಲ್ಲಿ ಕಣ್ಣಿಗೆ ಕಾಣುವ ಬೆಳಕೇ ಶತ್ರು. ವಿಚಿತ್ರವೆಂದರೆ, ಕತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದೂ ತಪ್ಪು: ಮನೆಯೊಳಗಿನ ಸೌಮ್ಯ ಬೆಳಕು ಚರ್ಮದಲ್ಲಿರುವ ಔಷಧವನ್ನು ದಿನದಿನಕ್ಕೆ ಮಾಸಿಸುತ್ತದೆ.

ಇಂಥ ವರ್ಣದ್ರವ್ಯಗಳಲ್ಲಿ ಹಲವಕ್ಕೆ ನೀರೂ ಒಗ್ಗದು. ರಕ್ತದಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು, ಹೀರಿದ ಬೆಳಕನ್ನು ಶಾಖವಾಗಿ ಪೋಲು ಮಾಡುತ್ತವೆ. ಹಾಗಾಗಿ ಅವಕ್ಕೊಂದು ವಾಹನ ಬೇಕು. ಸಂಶೋಧಕರು ಹೆಚ್ಚಾಗಿ ನೆಚ್ಚುವ ವಾಹನ ಪಿಎಲ್‌ಜಿಎ ಎಂಬ ಪಾಲಿಮರ್. ಹೆಸರು ಹೊಸದೆನಿಸಿದರೂ ವಸ್ತು ಹಳೆಯದು. ಶಸ್ತ್ರಚಿಕಿತ್ಸೆಯ ನಂತರ ಬಿಚ್ಚದೆಯೇ ಕರಗಿಹೋಗುವ ಹೊಲಿಗೆಯ ದಾರ ಇದೇ ಕುಲದ್ದು. ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲ, ಕಬ್ಬಿನಲ್ಲಿರುವ ಗ್ಲೈಕೋಲಿಕ್ ಆಮ್ಲ, ಇವೆರಡರ ಸರಪಳಿ ಅದು.

ವರ್ಣದ್ರವ್ಯವನ್ನು ಹೊರುವ ಈ ಪಾಲಿಮರಿನ ಕಣಗಳನ್ನು ತಯಾರಿಸುವ ಒಂದು ವಿಧಾನ ಅಚ್ಚರಿ ಹುಟ್ಟಿಸುವಷ್ಟು ಸರಳ. ಪಾಲಿಮರನ್ನೂ ವರ್ಣದ್ರವ್ಯವನ್ನೂ ಅಸಿಟೋನಿನಲ್ಲಿ ಕರಗಿಸಿ, ಕಲಕುತ್ತಿರುವ ನೀರಿಗೆ ಹನಿಹನಿಯಾಗಿ ಬಿಡುತ್ತಾರೆ. ಅಸಿಟೋನ್ ನೀರಿನಲ್ಲಿ ಬೆರೆತುಹೋಗುತ್ತಿದ್ದಂತೆ, ನೀರಿನಲ್ಲಿ ಕರಗಲಾರದ ಪಾಲಿಮರ್ ವರ್ಣದ್ರವ್ಯವನ್ನೂ ತಬ್ಬಿಕೊಂಡು ಸೂಕ್ಷ್ಮ ಗೋಲಿಗಳಾಗಿ ಮುದುಡುತ್ತದೆ. ಖಾಲಿ ಕಣಗಳಾದರೆ ಬೀಕರಿನ ನೀರು ಹಾಲಿನ ಪಾತ್ರೆ ತೊಳೆದ ನೀರಿನಂತೆ ತೆಳು ನೀಲಿಬಿಳುಪಿಗೆ ತಿರುಗುತ್ತದೆ. ತಳದಲ್ಲಿ ಗಸಿ ಕೂರುವುದಿಲ್ಲ. 100ರಿಂದ 200 ನ್ಯಾನೊಮೀಟರ್ ಗಾತ್ರದ ಇಂಥ ಕೆಲವು ನೂರು ಕಣಗಳನ್ನು ಕೂದಲೆಳೆಯೊಂದರ ಅಗಲದಲ್ಲಿ ಸಾಲಾಗಿ ನಿಲ್ಲಿಸಬಹುದು.

ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಗೋಡೆಗಳಲ್ಲಿ ಸಂದುಗಳಿರುತ್ತವೆ. ಕಣಗಳು ಅಲ್ಲಿಂದ ಸೋರಿ ಗಡ್ಡೆಯೊಳಗೆ ನಿಲ್ಲುತ್ತವೆ ಎಂಬುದು ಜಪಾನಿನ ಮತ್ಸುಮುರಾ ಮತ್ತು ಮಯೆಡಾ 1986ರಲ್ಲಿ ಹುಟ್ಟುಹಾಕಿದ ಭರವಸೆ. ಭರವಸೆ ಸುಳ್ಳಲ್ಲ, ಆದರೆ ಅದನ್ನು ಹಿಗ್ಗಿಸಿ ಹೇಳಿದವರು ಬಹಳ. ಬಗೆಬಗೆಯ ನ್ಯಾನೊಕಣಗಳ ಕುರಿತ ಪ್ರಾಣಿಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2016ರ ವಿಶ್ಲೇಷಣೆಯ ಪ್ರಕಾರ, ಚುಚ್ಚಿದ ಪ್ರಮಾಣದಲ್ಲಿ ಗಡ್ಡೆ ಮುಟ್ಟುವ ಪಾಲಿನ ಮಧ್ಯಮಾಂಕ ಕೇವಲ ಶೇ 0.7. ಮಿಕ್ಕವುಗಳಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳ ಕಾವಲುಕೋಶಗಳ ಪಾಲಾಗುತ್ತವೆ.

ಸಾಮಾನ್ಯ ಕೀಮೋ ಔಷಧವಾಗಿದ್ದರೆ ಹಾಗೆ ದಾರಿ ತಪ್ಪಿದ ಪಾಲೇ ದೊಡ್ಡ ಚಿಂತೆಯಾಗುತ್ತಿತ್ತು. ಇಲ್ಲಿ ಯಕೃತ್ತಿನೊಳಗೆ ಕತ್ತಲು. ವರ್ಣದ್ರವ್ಯ ಅಲ್ಲಿ ಮಲಗಿಯೇ ಇರುತ್ತದೆ. ಅದರ ಸುತ್ತ ನೀರು ಪಾಲಿಮರ್ ಸರಪಳಿಯ ಕೊಂಡಿಗಳನ್ನು ವಾರಗಟ್ಟಲೆ ಒಂದೊಂದಾಗಿ ಕತ್ತರಿಸುತ್ತದೆ, ಬಿಡಿಯಾದ ಆಮ್ಲಗಳನ್ನು ದೇಹ ಕೊನೆಗೆ ನೀರಾಗಿ, ಉಸಿರಿನೊಡನೆ ಹೊರಬೀಳುವ ಇಂಗಾಲದ ಡೈಆಕ್ಸೈಡಾಗಿ ಕಳೆದುಕೊಳ್ಳುತ್ತದೆ.