ಮೆಗ್ನೀಷಿಯಂ ಲವಣಗಳು: ಯಾರಿಗೆ ಯಾವುದು?

ಕಬ್ಬಿಣಾಂಶ, ಸುಣ್ಣಾಂಶಗಳಂತೆ ಮೆಗ್ನೀಷಿಯಂ ಸಹ ಶರೀರಕ್ಕೆ ಅತ್ಯಗತ್ಯವಾದ ಖನಿಜಾಂಶವಾಗಿದೆ. ವಯಸ್ಕರ ದೇಹದಲ್ಲಿ ಇದು ಸುಮಾರು 25 ಗ್ರಾಂನಷ್ಟಿದ್ದು, ಅರ್ಧಕ್ಕಿಂತ ಹೆಚ್ಚು ಪಾಲು ಮೂಳೆಗಳಲ್ಲಿರುತ್ತದೆ. ಸ್ನಾಯು, ನರ, ಹೃದಯಗಳ ಕಾರ್ಯಕ್ಕೆ ಇದು ಬೇಕು. ಈ ಹೆಸರಿನ ಮಾತ್ರೆಗಳು ಔಷಧದ ಅಂಗಡಿಗಳಲ್ಲಿ ಹಲವು ಬಗೆಯಲ್ಲಿ ದೊರೆಯುತ್ತವೆ. ಹೆಸರು ಒಂದೇ ಆದರೂ ಲವಣಗಳು ಬೇರೆ, ಅವುಗಳ ಕೆಲಸವೂ ಬೇರೆ.

ಆರೋಗ್ಯವಂತರಾದ ದಂಪತಿಗಳಿಗೆ ಸಾಮಾನ್ಯವಾಗಿ ಯಾವ ಮಾತ್ರೆಯೂ ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಷಿಯಂ ಇದೆ. ಸೊಪ್ಪು, ಹುರುಳಿ, ಕಡಲೆಕಾಯಿ, ಎಳ್ಳುಗಳಲ್ಲಿಯೂ ಇದು ಹೇರಳವಾಗಿದೆ. ಅಕ್ಕಿಯನ್ನು ಬೆಳ್ಳಗೆ ಪಾಲಿಷ್ ಮಾಡಿಸಿದಷ್ಟೂ ತೌಡಿನೊಡನೆ ಇದು ಹೊರಟುಹೋಗುತ್ತದೆ.

ಬಹುಕಾಲದ ಭೇದಿ, ಮದ್ಯಪಾನದ ಚಟ, ಮೂತ್ರ ಹೆಚ್ಚಿಸುವ ಮಾತ್ರೆಗಳ ಸೇವನೆ ಮುಂತಾದ ಕಾರಣಗಳಿಂದ ಕೊರತೆಯುಂಟಾದವರಿಗೆ ವೈದ್ಯರು ಮಾತ್ರೆ ಬರೆದುಕೊಡುವರು. ಆಕ್ಸೈಡ್ ಮಾತ್ರೆಗೆ ಬೆಲೆ ಕಡಿಮೆ. 500 ಮಿಲಿಗ್ರಾಂನಲ್ಲಿ ಸುಮಾರು 300 ಮಿಲಿಗ್ರಾಂ ಮೆಗ್ನೀಷಿಯಂ ಇದ್ದರೂ ರಕ್ತಕ್ಕೆ ಸೇರುವುದು ಅಲ್ಪ, ಉಳಿದದ್ದು ಭೇದಿಯುಂಟುಮಾಡಬಹುದು. ಅಷ್ಟೇ ತೂಕದ ಸಿಟ್ರೇಟ್‌ನಲ್ಲಿ ಸುಮಾರು 80 ಮಿಲಿಗ್ರಾಂ ಮಾತ್ರವಿದ್ದರೂ ಅದು ಚೆನ್ನಾಗಿ ಹೀರಲ್ಪಡುತ್ತದೆ. ಗ್ಲೈಸಿನೇಟ್ ಹೊಟ್ಟೆಗೆ ಹಿತ, ಕೈಚೀಲಕ್ಕೆ ಭಾರ. ಹಾಲಿನಂತೆ ಬೆಳ್ಳಗಿರುವ ಹೈಡ್ರಾಕ್ಸೈಡ್ ದ್ರವವು ಮಲಬದ್ಧತೆಗೆ ಮತ್ತು ಎದೆಯುರಿಗೆ ಕೊಡುವ ಔಷಧವೇ ಹೊರತು ಪುಷ್ಟಿಗಲ್ಲ. ಇದನ್ನು ಕಬ್ಬಿಣಾಂಶದ ಮಾತ್ರೆಯೊಡನೆ ಸೇವಿಸಿದರೆ ಕಬ್ಬಿಣವು ಸರಿಯಾಗಿ ಮೈಗೂಡುವುದಿಲ್ಲವಾದ್ದರಿಂದ, ಗರ್ಭಿಣಿಯರು ಇವೆರಡರ ನಡುವೆ ಕೆಲವು ಗಂಟೆಗಳ ಅಂತರವಿಡಬೇಕು. ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ಇವುಗಳಲ್ಲಿ ಯಾವುದನ್ನೂ ಸೇವಿಸಕೂಡದು. ದೇಹದಲ್ಲಿ ಮೆಗ್ನೀಷಿಯಂ ಶೇಖರವಾಗಿ ಪ್ರಾಣಾಪಾಯವುಂಟಾಗಬಹುದು.

ಅಡಿಕೆ, ತೆಂಗಿನ ತೋಟಗಳಿಗೆ ಹಾಕುವ ಮೆಗ್ನೀಷಿಯಂ ಸಲ್ಫೇಟ್ ರೈತರಿಗೆ ಪರಿಚಿತವೇ. ಗೊಬ್ಬರದ ಚೀಲದ ಈ ಲವಣವನ್ನು ಮನುಷ್ಯರು ಎಂದಿಗೂ ಸೇವಿಸಬಾರದು. ಆದರೆ ಇದೇ ಲವಣವನ್ನು ಶುದ್ಧಗೊಳಿಸಿ ತಯಾರಿಸಿದ ಚುಚ್ಚುಮದ್ದು ಗರ್ಭಿಣಿಯರ ಪ್ರಾಣರಕ್ಷಕವಾಗಿದೆ.

ಗರ್ಭ ಧರಿಸಿ ಐದು ತಿಂಗಳು ಕಳೆದ ಮೇಲೆ ಕೆಲವರಿಗೆ ರಕ್ತದೊತ್ತಡವು 140/90ಕ್ಕೆ ಅಥವಾ ಅದಕ್ಕೂ ಮೇಲಕ್ಕೆ ಏರುತ್ತದೆ, ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುತ್ತದೆ. ಇದನ್ನು ಗರ್ಭನಂಜು ಎನ್ನುವರು. ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು, ಮುಖ ಕೈಗಳ ಊತ ಇವು ಅಪಾಯದ ಚಿಹ್ನೆಗಳು. ಅಲಕ್ಷಿಸಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯ ಒದಗಬಹುದು. ಹೆರಿಗೆಯಾದ ನಂತರವೂ ಫಿಟ್ಸ್ ಬರುವುದುಂಟು. ಇದನ್ನು ಗಾಳಿಸೋಂಕೆಂದು ಭಾವಿಸಿ ಮಂತ್ರ ಹಾಕಿಸುತ್ತ ಕುಳಿತರೆ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. 2002ರಲ್ಲಿ ಪ್ರಕಟವಾದ, 33 ದೇಶಗಳ ಸುಮಾರು 10,000 ಸ್ತ್ರೀಯರನ್ನೊಳಗೊಂಡ ಅಧ್ಯಯನವೊಂದರಲ್ಲಿ, ಈ ಚುಚ್ಚುಮದ್ದಿನಿಂದ ಫಿಟ್ಸ್ ಬರುವ ಸಂಭವವು ಅರ್ಧಕ್ಕಿಂತಲೂ ಕಡಿಮೆಯಾಯಿತು.

ಅಂಗಡಿಯ ಯಾವ ಮೆಗ್ನೀಷಿಯಂ ಮಾತ್ರೆಯೂ ಈ ಕೆಲಸವನ್ನು ಮಾಡಲಾರದು. ಚುಚ್ಚುಮದ್ದನ್ನು ಕೊಡುವಾಗ ಉಸಿರಾಟ, ಮೂತ್ರದ ಪ್ರಮಾಣ ಮತ್ತು ಮೊಣಕಾಲಿನ ಪ್ರತಿಕ್ರಿಯೆಯನ್ನು ಗಮನಿಸುತ್ತಿರಬೇಕಾದುದರಿಂದ ಅದನ್ನು ಮನೆಯಲ್ಲಿ ಕೊಡುವಂತಿಲ್ಲ. ಆದುದರಿಂದ ಮೇಲಿನ ಚಿಹ್ನೆಗಳು ಕಂಡೊಡನೆ, ಅದು ನಡುರಾತ್ರಿಯಾದರೂ ಸರಿ, ಪತಿಯು 108ಕ್ಕೆ ಕರೆ ಮಾಡಿ, ತಾಯಿ ಕಾರ್ಡನ್ನು ಜೊತೆಗಿಟ್ಟುಕೊಂಡು ಪತ್ನಿಯನ್ನು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.