ಹಿತ್ತಲಿನ ಸೈಕಲ್ಲಿಗೆ ಮರುಜೀವ

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಅನೇಕ ಮನೆಗಳ ಹಿತ್ತಲಿನಲ್ಲಿ ಒಂದು ಸೈಕಲ್ಲು ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿರುವುದನ್ನು ಕಾಣುತ್ತೇವೆ. 2006-07ನೆಯ ಸಾಲಿನಿಂದ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ವಿತರಿಸತೊಡಗಿತು. ಅಂದು ಅದನ್ನು ತುಳಿದು ಶಾಲೆಗೆ ಹೋದ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಉದ್ಯೋಗಕ್ಕಾಗಿ ಊರು ಬಿಟ್ಟಿದ್ದಾರೆ, ಸೈಕಲ್ಲು ಉಳಿದಿದೆ. ಇತ್ತ ಮನೆಯಲ್ಲಿರುವ ತಂದೆತಾಯಿಗಳಿಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಕಾಣಿಸಿಕೊಂಡು, ವೈದ್ಯರು ವ್ಯಾಯಾಮ ಮಾಡಿರೆಂದು ಹೇಳುತ್ತಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಿತ್ತಲಿನ ಸೈಕಲ್ಲು ಇದಕ್ಕೆ ಸಾಕು. ಆದರೆ ಗಾಳಿ ತುಂಬಿಸಿ ಹಾಗೆಯೇ ಏರಿ ಹೊರಡುವುದು ತರವಲ್ಲ.

ಏಕೆಂದರೆ ಆ ಸೈಕಲ್ಲಿನ ಸೀಟು ಹದಿಮೂರು ವರ್ಷದ ಮಗುವಿನ ಕಾಲಿನ ಅಳತೆಗೆ ನಿಂತಿರುತ್ತದೆ. ಐವತ್ತು ದಾಟಿದವರು ಅದರ ಮೇಲೆ ಕುಳಿತು ತುಳಿದರೆ ಮಂಡಿ ಅತಿಯಾಗಿ ಮಡಚುತ್ತದೆ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಹದಿನೈದು ದಿನದಲ್ಲಿ ನೋವು ಆರಂಭವಾಗಿ, "ಸೈಕಲ್ ನಮ್ಮ ವಯಸ್ಸಿಗೆ ಆಗದು" ಎಂದು ಬಿಟ್ಟುಬಿಡುವವರೇ ಹೆಚ್ಚು. ದೋಷವು ವಯಸ್ಸಿನದ್ದಲ್ಲ, ಸೀಟಿನದು. ಗೋಡೆಗೆ ಕೈಯೂರಿ ಸೀಟಿನ ಮೇಲೆ ನೇರವಾಗಿ ಕುಳಿತು, ಪೆಡಲನ್ನು ಅತ್ಯಂತ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿಯನ್ನಿಡಬೇಕು. ಆಗ ಕಾಲು ನೆಟ್ಟಗಾದರೆ ಎತ್ತರ ಸರಿಯಿದೆ. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ತಕ್ಕಷ್ಟೇ ಬಾಗು ಉಳಿಯುತ್ತದೆ. ಸೀಟಿನ ಕಂಬಿಯನ್ನು ಮೇಲೆತ್ತುವಾಗ ಕನಿಷ್ಠ ಎರಡೂವರೆ ಅಂಗುಲವಾದರೂ ಕೊಳವೆಯೊಳಗೆ ಇರಲೇಬೇಕು. ಅಷ್ಟು ಎತ್ತರ ಸಾಲದಿದ್ದರೆ ಉದ್ದನೆಯ ಕಂಬಿಯನ್ನು ಕೊಂಡು ಹಾಕಿಸುವುದು ಲೇಸು. ಹೀಗೆ ಯಂತ್ರವನ್ನು ದೇಹಕ್ಕೆ ಹೊಂದಿಸುವುದೇ ಸೈಕಲ್ ದುರಸ್ತಿಯೆಂಬ ಹವ್ಯಾಸದ ಮುಖ್ಯ ಪಾಠವೆಂದು ನಾವು ಭಾವಿಸುತ್ತೇವೆ. 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯರು ಗಾಳಿ ತುಂಬಿದ ಟಯರನ್ನು ರೂಪಿಸಿದ್ದು ಕೂಡ ತಮ್ಮ ಮಗನ ಮೂರುಗಾಲಿಯ ಸೈಕಲ್ಲಿನ ಕುಲುಕಾಟವನ್ನು ತಗ್ಗಿಸಲೆಂದೇ.

ದುರಸ್ತಿಗೆ ದೊಡ್ಡ ಸಲಕರಣೆಗಳೇನೂ ಬೇಡ. ನಾಲ್ಕಾರು ಸ್ಪ್ಯಾನರುಗಳು, ಸೀಮೆಎಣ್ಣೆ ಅಥವಾ ಡೀಸೆಲ್, ಹಳೆಯ ಹಲ್ಲುಜ್ಜುವ ಬ್ರಷ್ಷು, ಗ್ರೀಸು, ಒಂದಿಷ್ಟು ಬಟ್ಟೆಚೂರು ಸಾಕು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಗೋಣಿಯ ಮೇಲೆ ಜೋಡಿಸಿಡಬೇಕು. ಎಡಗಡೆಯ ಪೆಡಲಿನ ಮರೆ ಮಾತ್ರ ತಿರುವುಮುರುವು; ಅದನ್ನು ಎಂದಿನಂತೆ ಸಡಿಲಿಸಲು ಹೋದರೆ ಇನ್ನಷ್ಟು ಬಿಗಿಯಾಗುತ್ತದೆ. ಇದನ್ನರಿಯದೆ ಸುತ್ತಿಗೆ ಎತ್ತಿದವರುಂಟು. ಗಾಲಿಯ ಅಚ್ಚಿನೊಳಗಿನ ಬಾಲ್ಸುಗಳನ್ನು ತಟ್ಟೆಯಲ್ಲಿ ಹಿಡಿದು ಎಣಿಸಿಕೊಳ್ಳಬೇಕು: ಸಾಮಾನ್ಯವಾಗಿ ಹಿಂದಿನ ಗಾಲಿಯಲ್ಲಿ ಒಂದೊಂದು ಬದಿಗೆ ಒಂಬತ್ತು, ಮುಂದಿನದರಲ್ಲಿ ಹತ್ತು. ಹೊಳಪು ಕಳೆದು ಮೇಲ್ಮೈ ಕಿತ್ತುಹೋಗಿದ್ದರೆ ಅಷ್ಟನ್ನೂ ಬದಲಾಯಿಸಬೇಕು. ಚೈನಿನ ಕೊಂಡಿಗಳು ಅರ್ಧ ಅಂಗುಲದ ಅಂತರದಲ್ಲಿರುವುದರಿಂದ ಇಪ್ಪತ್ತನಾಲ್ಕು ಕೊಂಡಿಗಳು ಸರಿಯಾಗಿ ಹನ್ನೆರಡು ಅಂಗುಲ ಅಳೆಯಬೇಕು. ಅದಕ್ಕಿಂತ ಎಂಟನೆಯ ಒಂದು ಅಂಗುಲ ಹೆಚ್ಚಾಗಿದ್ದರೆ ಚೈನು ಸವೆದಿದೆ. ಹಿಂದಿನ ಹಲ್ಲುಚಕ್ರವೂ ಬಹುಮಟ್ಟಿಗೆ ಸವೆದಿರುತ್ತದೆ. ಎಲ್ಲವನ್ನೂ ಮರಳಿ ಜೋಡಿಸುವಷ್ಟರಲ್ಲಿ ಒಂದು ಭಾನುವಾರ ಕಳೆದಿರುತ್ತದೆ, ಮೊಬೈಲು ಕೈಯಲ್ಲಿಲ್ಲದ ಭಾನುವಾರ.

ಯಳಂದೂರು, ಕೊಳ್ಳೇಗಾಲದ ಗದ್ದೆಬಯಲಿನ ದಾರಿಗಳಿಗೆ ಇಷ್ಟಾದರೆ ಸಾಕು. ಹನೂರಿನಿಂದಾಚೆಗೆ, ಮಹದೇಶ್ವರ ಬೆಟ್ಟದ ಕಡೆಗೆ, ಅಲ್ಲಿಂದ ಪಾಲಾರಿನ ಗಡಿಯವರೆಗೆ ಇರುವ ನೆಲವೇ ಬೇರೆ. ಏರುದಾರಿಯ ಊರಿನವರು ಗೇರಿನ ದುಬಾರಿ ಸೈಕಲ್ಲನ್ನು ಕೊಳ್ಳುವ ಮುನ್ನ ಇರುವುದರ ಹಲ್ಲುಗಳನ್ನೆಣಿಸಲಿ. ಮುಂದಿನ ಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳಿದ್ದರೆ ಪೆಡಲು ಒಂದು ಸುತ್ತು ಬಂದಾಗ ಗಾಲಿಯು ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 18ರ ಬದಲು 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಗಾಲಿಯು ಎರಡೇ ಸುತ್ತು ತಿರುಗುತ್ತದೆ. ವೇಗ ತಗ್ಗುತ್ತದೆ, ತುಳಿತವು ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಹಗುರವಾಗಿ, ಮಂಡಿಗೂ ಹೃದಯಕ್ಕೂ ಆಗುವ ಶ್ರಮ ಕಡಿಮೆಯಾಗುತ್ತದೆ. ಚೈನಿಗೆ ಒಂದು ಜೊತೆ ಕೊಂಡಿ ಸೇರಿಸಬೇಕಾದೀತು, ಅಷ್ಟೆ.

ಆದರೆ ಏರಿದ್ದನ್ನು ಇಳಿಯಬೇಕಲ್ಲವೆ? ಅಂದವಾದ ಹ್ಯಾಂಡಲ್, ಬಣ್ಣದ ಸ್ಟಿಕರುಗಳಿಗೆ ಖರ್ಚು ಮಾಡುವ ಯುವಕರು ಬ್ರೇಕ್ ರಬ್ಬರನ್ನು ಮರೆಯುವುದನ್ನು ಕಂಡು ನಮಗೆ ಕಳವಳವಾಗುತ್ತದೆ. ರಬ್ಬರಿನ ಗೀರುಗಳು ಮಾಸಿದ್ದರೆ, ಅದು ಕಲ್ಲಿನಂತೆ ಗಟ್ಟಿಯಾಗಿದ್ದರೆ, ನಾಲ್ಕನ್ನೂ ಬದಲಿಸಬೇಕು. ಉಕ್ಕಿನ ರಿಮ್ಮು ಮಳೆಯಲ್ಲಿ ತೊಯ್ದಾಗ ಬ್ರೇಕು ತಕ್ಷಣ ಹಿಡಿಯುವುದಿಲ್ಲ. ತಿರುವು ಬರುವ ಮೊದಲೇ ಮೆಲ್ಲಗೆ ಒತ್ತಿ ನೀರನ್ನು ಒರೆಸಿಕೊಳ್ಳಬೇಕು. ಅಲ್ಯೂಮಿನಿಯಂ ರಿಮ್ಮು ಈ ವಿಷಯದಲ್ಲಿ ಮೇಲು. ಹಣವಿದ್ದವರು ಮೊದಲು ಅದಕ್ಕೇ ಖರ್ಚು ಮಾಡಲಿ. ಪಾಲಾರಿನತ್ತ ಇಳಿಯುವ ಕಾಡಿನ ರಸ್ತೆಯಂಥಲ್ಲಿ, ಅನುಮಾನವಿದ್ದರೆ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವಿಲ್ಲ. ಆನೆಗಳ ಸಂಚಾರವಿರುವ ಆ ದಾರಿಯಲ್ಲಿ ಮುಂಜಾನೆ ಮುಸ್ಸಂಜೆಗಳ ಸವಾರಿ ಬೇಡ.

ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ಸಕ್ಕರೆಯ ಅಂಶ ದಿಢೀರನೆ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದಾದ್ದರಿಂದ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಎದೆನೋವಿನ ಇತಿಹಾಸವಿದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಉಳಿದವರು ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ಸಮತಟ್ಟಾದ ದಾರಿಯಲ್ಲಿ, ಮಾತನಾಡಲು ಉಸಿರು ಉಳಿಯುವಷ್ಟೇ ವೇಗದಲ್ಲಿ ತುಳಿಯಲಿ. ಮಂಡಿ ನೋಯದಿದ್ದರೆ ಮುಂದಿನ ವಾರ ಐದು ನಿಮಿಷ ಹೆಚ್ಚಿಸಬಹುದು. ನೋವು ಕಂಡರೆ ಮತ್ತೊಮ್ಮೆ ಸೀಟಿನ ಎತ್ತರ ನೋಡಿ.