ನಿಮ್ಮ ಗಣಕ ಆಟಕ್ಕೆ ಎಷ್ಟು ಆಯಾಮ?

ಬೇಸಿಗೆ ರಜೆಯಲ್ಲಿ ನೀವೇ ಒಂದು ಗಣಕ ಆಟ ತಯಾರಿಸಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಕಥೆ ಸಿದ್ಧವಿದೆ, ಉತ್ಸಾಹವೂ ಇದೆ. ಆದರೆ ಕ್ರಮವಿಧಿಯ ಮೊದಲ ಸಾಲು ಬರೆಯುವ ಮುನ್ನವೇ ಒಂದು ಪ್ರಶ್ನೆ ಎದುರಾಗುತ್ತದೆ. ಆಟ ಎರಡು ಆಯಾಮಗಳಲ್ಲಿರಬೇಕೇ, ಮೂರರಲ್ಲಿರಬೇಕೇ? ಎರಡು ಎಂದರೆ ಹಳೆಯದು, ಮೂರು ಎಂದರೆ ಹೊಸದು ಎಂದು ಭಾವಿಸಿ ಮೂರನ್ನೇ ಆರಿಸಿಕೊಳ್ಳುವವರು ಹಲವರು. ರಜೆ ಮುಗಿಯುವ ಹೊತ್ತಿಗೆ ಖಾಲಿ ಮೈದಾನದಲ್ಲಿ ಕೈಕಾಲು ಆಡಿಸಲಾರದ ಬೊಂಬೆಯೊಂದು ಮಾತ್ರ ನಿಂತಿರುತ್ತದೆ. ಹವ್ಯಾಸಿಯ ಬಳಿ ಇರುವ ಬಂಡವಾಳ ಒಂದೇ, ಅದು ಬಿಡುವಿನ ವೇಳೆ. ಆದ್ದರಿಂದ ಈ ಆಯ್ಕೆಯನ್ನು ಸ್ವಲ್ಪ ಲೆಕ್ಕ ಹಾಕಿಯೇ ಮಾಡಬೇಕು.

ನಮ್ಮ ಗೊಂಬೆಯಾಟಗಳಲ್ಲಿ ಈ ಎರಡೂ ಬಗೆಗಳಿವೆ. ತೊಗಲು ಗೊಂಬೆ ಚಪ್ಪಟೆ. ಅದು ಪರದೆಗೆ ಒತ್ತಿಕೊಂಡು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಚಲಿಸುತ್ತದೆ. ಮರದ ಸೂತ್ರದ ಗೊಂಬೆಗೆ ಗಾತ್ರವಿದೆ. ಅದನ್ನು ತಿರುಗಿಸಿದರೆ ಬೆನ್ನೂ ಕಾಣುತ್ತದೆ. ತೊಗಲು ಗೊಂಬೆಯ ಆಟವನ್ನು ಯಾರೂ ಅಪೂರ್ಣವೆನ್ನುವುದಿಲ್ಲ. ಎರಡರ ಕೆಲಸ ಬೇರೆ, ಶ್ರಮವೂ ಬೇರೆ.

ಪರದೆ ಎಂದಿಗೂ ಚಪ್ಪಟೆಯೇ

ಎರಡು ಆಯಾಮದ ಆಟದಲ್ಲಿ ಒಂದು ವಸ್ತುವಿನ ಸ್ಥಾನ ಹೇಳಲು ಎರಡು ನಿರ್ದೇಶಾಂಕಗಳು ಸಾಕು. ಮೂರು ಆಯಾಮದ ಆಟದಲ್ಲಿ ಆಳವನ್ನು ಸೂಚಿಸುವ ಮೂರನೆಯದೊಂದು ಬೇಕು. ಆದರೆ ಪರದೆ ಮಾತ್ರ ಚಪ್ಪಟೆಯೇ. ಹಾಗಾದರೆ ಆಳವನ್ನು ತೋರಿಸುವುದು ಹೇಗೆ? ಇದಕ್ಕೆ ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳೇ ಸಾಕು. ನಿಮ್ಮ ಕಣ್ಣಿನಿಂದ ಅರ್ಧ ಮೀಟರ್ ದೂರದಲ್ಲಿ ಗಾಜಿನ ಪರದೆಯಿದೆ, ಅದರಾಚೆ 6 ಮೀಟರ್ ಎತ್ತರದ ಕಂಬವಿದೆ ಎಂದುಕೊಳ್ಳಿ. ಕಂಬ ಕಣ್ಣಿನಿಂದ 10 ಮೀಟರ್ ದೂರದಲ್ಲಿದ್ದರೆ ಗಾಜಿನ ಮೇಲೆ ಅದರ ಎತ್ತರ 6 × 0.5 ÷ 10, ಅಂದರೆ 30 ಸೆಂಟಿಮೀಟರ್. 20 ಮೀಟರ್ ದೂರಕ್ಕೆ ಸರಿಸಿದರೆ 15 ಸೆಂಟಿಮೀಟರ್. ದೂರ ಇಮ್ಮಡಿಯಾದರೆ ಕಾಣುವ ಎತ್ತರ ಅರ್ಧ. ಮೂರು ಆಯಾಮದ ಆಟದಲ್ಲಿ ಗಣಕವು ಸಾವಿರಾರು ಬಿಂದುಗಳಿಗೆ ಈ ಭಾಗಾಕಾರವನ್ನು ಸೆಕೆಂಡಿಗೆ ಹಲವಾರು ಬಾರಿ ಮಾಡುತ್ತಿರುತ್ತದೆ.

ಹಿಂದೆ ಈ ಲೆಕ್ಕದ ಭಾರವೇ ದೊಡ್ಡ ತೊಡಕಾಗಿತ್ತು. 1993ರಲ್ಲಿ ಬಂದ 'ಡೂಮ್' ಆಟದ ಕೋಣೆಗಳಲ್ಲಿ ಆಳವಿದ್ದಂತೆ ಕಂಡರೂ ಅದರ ವೈರಿಗಳು ಚಪ್ಪಟೆ ಚಿತ್ರಗಳಾಗಿದ್ದರು. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆಯನ್ನು ಕಟ್ಟಲೂ ಅದರಲ್ಲಿ ಬರುತ್ತಿರಲಿಲ್ಲ. ಇಂದು ಸಾಧಾರಣ ಗಣಕದ ಚಿತ್ರಸಂಸ್ಕಾರಕವೂ ಈ ಲೆಕ್ಕವನ್ನು ನಿರಾಯಾಸವಾಗಿ ಮಾಡುತ್ತದೆ. ಯಂತ್ರದ ಭಾರ ಇಳಿದಿದೆ, ಮನುಷ್ಯನ ಭಾರ ಇಳಿದಿಲ್ಲ.

ಭಾರ ಎಲ್ಲಿ ಹೆಚ್ಚುತ್ತದೆ?

ಮೊದಲನೆಯದು, ತಿರುಗುವಿಕೆ. ಕೇರಂ ಕಾಯಿಯ ತಿರುವನ್ನು ಒಂದೇ ಕೋನದಿಂದ ಹೇಳಬಹುದು. ಗಾತ್ರವಿರುವ ವಸ್ತುವಿಗೆ ಮೂರು ಕೋನಗಳು ಬೇಕು. ಅವುಗಳ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಇದನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು. ಪುಸ್ತಕವೊಂದನ್ನು ಮುಖಪುಟ ಮೇಲಾಗಿ, ಓದುವಂತೆ ನಿಮ್ಮ ಮುಂದೆ ಮೇಜಿನ ಮೇಲಿಡಿ. ಮೊದಲು ನಿಮ್ಮಿಂದ ದೂರವಿರುವ ಅಂಚನ್ನು ಎತ್ತಿ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ. ಅನಂತರ ಮೇಜಿನ ಮೇಲೆಯೇ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ಮುಖಪುಟ ನಿಮ್ಮ ಎಡಕ್ಕೆ ನೋಡುತ್ತದೆ. ಈಗ ಮೊದಲಿನಂತೆ ಮಲಗಿಸಿ, ಮೊದಲು ಕಾಲು ಸುತ್ತು ತಿರುಗಿಸಿ, ಆಮೇಲೆ ದೂರದ ಅಂಚನ್ನು ಎತ್ತಿ. ಮುಖಪುಟ ನಿಮ್ಮ ಕಡೆಗೇ ನೋಡುತ್ತದೆ! ಇಂಥ ತಿರುವುಗಳ ಲೆಕ್ಕಕ್ಕೆ ಇಂದು ಬಹಳಷ್ಟು ತಂತ್ರಾಂಶಗಳು ಬಳಸುವ 'ಕ್ವಾಟರ್ನಿಯನ್' ಸಂಖ್ಯೆಗಳನ್ನು ಐರಿಷ್ ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದರು.

ಎರಡನೆಯದು, ಕ್ಯಾಮೆರಾ. ಚಪ್ಪಟೆ ಆಟದಲ್ಲಿ ಆಟಗಾರ ಎಲ್ಲವನ್ನೂ ಒಂದೇ ಕಡೆಯಿಂದ ನೋಡುತ್ತಾನೆ. ಮೂರು ಆಯಾಮದಲ್ಲಿ ನೋಡುವ ಕಣ್ಣು ಎಲ್ಲಿರಬೇಕು, ಗೋಡೆ ಅಡ್ಡ ಬಂದರೆ ಏನು ಮಾಡಬೇಕು ಎಂಬುದನ್ನೂ ನೀವೇ ನಿರ್ಧರಿಸಬೇಕು. ಜಿಗಿದವನು ಎಲ್ಲಿ ಇಳಿಯುತ್ತಾನೆಂದು ಅಂದಾಜಿಸುವುದೂ ಕಷ್ಟ. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದಲ್ಲಿ ಈ ತೊಂದರೆ ಇರಲಿಲ್ಲ. ಅದೇ ನಾಯಕ 1996ರ 'ಸೂಪರ್ ಮಾರಿಯೊ 64' ಆಟದಲ್ಲಿ ಮೂರು ಆಯಾಮಕ್ಕೆ ಬಂದಾಗ ಅವನ ಕಾಲಡಿಯಲ್ಲಿ ನೆರಳನ್ನು ಇಟ್ಟರು. ಮೋಡದ ಮೇಲೆ ಕುಳಿತು ಕ್ಯಾಮೆರಾ ಹಿಡಿದ ಪಾತ್ರವೊಂದನ್ನೂ ಸೇರಿಸಿದರು.

ಮೂರನೆಯದು, ಜಾಗ ತುಂಬುವುದು. ಪ್ರತಿ ಬದಿಗೆ 100 ಚೌಕಗಳಿರುವ ಸಮತಲದಲ್ಲಿ 10,000 ಚೌಕಗಳು. ಪ್ರತಿ ಬದಿಗೆ 100 ಘನಗಳಿರುವ ಪೆಟ್ಟಿಗೆಯಲ್ಲಿ 10,00,000 ಘನಗಳು. ಎಲ್ಲವನ್ನೂ ನೀವು ಕೈಯಿಂದ ತುಂಬಬೇಕಿಲ್ಲ, ನಿಜ. ಆದರೂ ಆಟಗಾರ ಹಿಂದೆ ತಿರುಗಿದಾಗ ಅಲ್ಲಿ ಏನಾದರೂ ಕಾಣಬೇಕಲ್ಲ.

ಮೂರೇ ಅಗ್ಗವಾದಾಗ

ಇಷ್ಟಾದರೂ ಎರಡು ಆಯಾಮವೇ ಸದಾ ಸುಲಭ ಎನ್ನುವಂತಿಲ್ಲ. ನಿಮ್ಮ ನಾಯಕನಿಗೆ ನಡೆ, ಓಟ, ಹೊಡೆತ, ಬೀಳು ಎಂಬ ನಾಲ್ಕು ಕ್ರಿಯೆಗಳಿವೆ, ಪ್ರತಿಯೊಂದಕ್ಕೂ 8 ಚಿತ್ರ ಬೇಕು ಎನ್ನಿ. ಪಕ್ಕದಿಂದ ನೋಡುವ ಆಟವಾದರೆ 32 ಚಿತ್ರ ಸಾಕು. ಎಡಕ್ಕೆ ತಿರುಗಿದವನನ್ನು ಕನ್ನಡಿಯಂತೆ ಮಗುಚಿದರಾಯಿತು. ಮೇಲಿನಿಂದ ನೋಡುವ, ಎಂಟು ದಿಕ್ಕಿಗೂ ನಡೆಯುವ ಆಟವಾದರೆ? ಮಗುಚಿ ಪಡೆಯುವ ಮೂರು ದಿಕ್ಕುಗಳನ್ನು ಬಿಟ್ಟರೂ ಐದು ಉಳಿಯುತ್ತವೆ, ಅಂದರೆ 160 ಚಿತ್ರಗಳು. ಕೈಗೆ ಹೊಸ ಆಯುಧ ಕೊಟ್ಟರೆ ಮತ್ತೆ 160. ಮೂರು ಆಯಾಮದ ಬೊಂಬೆಗೆ ರೂಪ, ಬಣ್ಣ, ಒಳಗಿನ ಮೂಳೆಕಟ್ಟು ಎಂದು ಆರಂಭದ ಖರ್ಚು ಹೆಚ್ಚು. ಆದರೆ ನಾಲ್ಕು ಚಲನೆಗಳನ್ನು ಒಮ್ಮೆ ಕಲಿಸಿದರೆ ಯಾವ ದಿಕ್ಕಿನಿಂದಲೂ ನೋಡಬಹುದು. ದಿಕ್ಕು, ಉಡುಪು, ಆಯುಧ ಹೆಚ್ಚಿದಂತೆ ಮೂರು ಆಯಾಮ ಲಾಭಕರವಾಗುತ್ತದೆ. ನಡುವಿನ ದಾರಿಯೂ ಉಂಟು. 1994ರ 'ಡಾಂಕಿ ಕಾಂಗ್ ಕಂಟ್ರಿ' ಆಟದಲ್ಲಿ ಗಾತ್ರವುಳ್ಳ ಬೊಂಬೆಗಳನ್ನು ಮೊದಲು ಗಣಕದಲ್ಲಿ ರೂಪಿಸಿ, ಅವುಗಳಿಂದ ತೆಗೆದ ಚಪ್ಪಟೆ ಚಿತ್ರಗಳನ್ನು ಆಟಕ್ಕೆ ಬಳಸಿದರು.

ಕೇಳಬೇಕಾದ ಪ್ರಶ್ನೆ

ಚಿತ್ರಕ್ಕೆ ಎಷ್ಟು ಆಯಾಮ ಎನ್ನುವುದಕ್ಕಿಂತ ಮೊದಲು, ಆಟದ ನಿಯಮಕ್ಕೆ ಎಷ್ಟು ಆಯಾಮ ಎಂದು ಕೇಳಿಕೊಳ್ಳಿ. ಹುಲಿ-ಕುರಿ ಆಟದಲ್ಲಿ ಕಾಯಿಗಳು ಗೆರೆಗಳ ಮೇಲೆ ಮಾತ್ರ ಸರಿಯುತ್ತವೆ. ಕೇರಂನಲ್ಲಿ ಕಾಯಿ ಹಲಗೆಯ ಮೇಲೆಯೇ ಜಾರುತ್ತದೆ. ಇವುಗಳಿಗೆ ಮೂರನೆಯ ಆಯಾಮ ಅಲಂಕಾರ ಮಾತ್ರ. ಲಗೋರಿಯಲ್ಲಿ ಚೆಂಡು ಹಾರುವ ಎತ್ತರ, ಎಸೆಯುವ ದಿಕ್ಕು, ಕಲ್ಲಿನಿಂದ ಇರುವ ದೂರ ಮೂರೂ ಆಟಗಾರನ ತೀರ್ಮಾನಕ್ಕೆ ಬೇಕು. ಅಲ್ಲಿ ಮೂರು ಆಯಾಮಕ್ಕೆ ಕಾರಣವಿದೆ. ಗುರಿಯಿಡುವ ಭಾಗವನ್ನಷ್ಟೇ ಆಟವಾಗಿಸುವುದಾದರೆ ಲಗೋರಿಯನ್ನೂ ಪಕ್ಕದಿಂದ ತೋರಿಸಬಹುದು. ಆಗ ಅದು ಭೌತಶಾಸ್ತ್ರದ ಪಾಠದಲ್ಲಿ ಬರುವ ಪ್ರಕ್ಷೇಪಕದ ಲೆಕ್ಕವೇ ಆಗುತ್ತದೆ. ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಯೋಜನಾಕಾರ್ಯ ಬೇಕೇ?

ಒಬ್ಬಂಟಿಯಾಗಿ ದುಡಿದು ಗೆದ್ದವರು ಎರಡೂ ಕಡೆ ಇದ್ದಾರೆ. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ದುಡಿದು 2016ರಲ್ಲಿ 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟವನ್ನು ಹೊರತಂದರು. ಅದು ಎರಡು ಆಯಾಮದ್ದು. ಮಾರ್ಕುಸ್ ಪರ್ಸನ್ 2009ರಲ್ಲಿ ಒಬ್ಬರೇ ಆರಂಭಿಸಿದ 'ಮೈನ್‌ಕ್ರಾಫ್ಟ್' ಮೂರು ಆಯಾಮದ್ದು. ಆದರೆ ಅದರ ಜಗತ್ತು ಬಹುಪಾಲು ಒಂದೇ ಅಳತೆಯ ಘನಗಳಿಂದಾದದ್ದು. ಘನದ ಮುಖದ ಚಿತ್ರಕ್ಕೆ ಅಡ್ಡಕ್ಕೂ ಉದ್ದಕ್ಕೂ 16 ಪಿಕ್ಸೆಲ್‌ಗಳಷ್ಟೇ. ಅಗೆಯುವುದು, ಕಟ್ಟುವುದು ಆ ಆಟದ ಜೀವಾಳವಾದ್ದರಿಂದ ಆಳ ಬೇಕೇ ಬೇಕಿತ್ತು. ಆ ಹೆಚ್ಚುವರಿ ಶ್ರಮವನ್ನು ರೂಪದ ಸರಳತೆಯಲ್ಲಿ ಉಳಿಸಿಕೊಂಡರು.

ನೀವು ಏನು ಮಾಡಬಹುದು? ಮೊದಲ ವಾರ ಚಿತ್ರಗಳನ್ನು ಮುಟ್ಟಬೇಡಿ. ನಾಯಕನಿಗೊಂದು ಚೌಕ, ವೈರಿಗೊಂದು ವೃತ್ತ ಇಟ್ಟು ನಿಯಮವನ್ನು ಎರಡು ಆಯಾಮದಲ್ಲಿ ಆಡಿ ನೋಡಿ. ಎರಡು ಆಯಾಮದ 'ಸ್ಕ್ರ್ಯಾಚ್' ಆಗಲಿ, ಎರಡಕ್ಕೂ ಒದಗುವ ಮುಕ್ತ ತಂತ್ರಾಂಶ 'ಗೊಡೊ' ಆಗಲಿ, ಇದಕ್ಕೆ ಸಾಕು. ಗೆಳೆಯನೊಬ್ಬನ ಕೈಗೆ ಕೊಡಿ. ಅವನು ಇನ್ನೊಮ್ಮೆ ಆಡುತ್ತೇನೆ ಎಂದರೆ ಆಟ ಹುಟ್ಟಿದೆ ಎಂದರ್ಥ. ಆಳವಿಲ್ಲದ ಕಾರಣಕ್ಕೇ ಯಾವುದಾದರೂ ತೀರ್ಮಾನ ಅವನಿಗೆ ಸಾಧ್ಯವಾಗದೆ ಹೋದರೆ ಮಾತ್ರ ಮೂರನೆಯ ಅಕ್ಷವನ್ನು ಸೇರಿಸಿ. ಅರ್ಧಕ್ಕೆ ನಿಂತ ಮೂರು ಆಯಾಮದ ಆಟಕ್ಕಿಂತ, ಪೂರ್ತಿಯಾಗಿ ತಂಗಿ ತಮ್ಮಂದಿರು ಸರದಿಗಾಗಿ ಜಗಳವಾಡುವ ಎರಡು ಆಯಾಮದ ಆಟವೇ ನಿಮಗೆ ಹೆಚ್ಚು ಕಲಿಸುತ್ತದೆ.